ಕಂಟ್ರೋಲರ್ ಸಾರ್ ದನಿಯಲ್ಲಿ ನಾನು ಕೊಟ್ಟ ಮಾತು

ಕಂಟ್ರೋಲರ್ ಸಾರ್ ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಬಗ್ಗೆ ಬಾಯಲ್ಲಿ ಹೇಳು ಅಂದರೆ ಈಗಲೂ ಒಂದು ಗಂಟೆ ಹೇಳಬಲ್ಲೆ, ಅದೂ ಅವರದೇ ದನಿಯಲ್ಲಿ. ಬರೆಯಲು ಕೂತರೆ ಮಾತ್ರ ನನ್ನ ದನಿಯೇ ಬೇಕಾಗುತ್ತದೆ. ನನ್ನ ಹತ್ತಿರ ಇರುವ ದನಿಗಳಲ್ಲೆಲ್ಲ ಅದೇ ಕಳಪೆ. ನೆಗಡಿಯಾದ ಕುರಿಮರಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿದರೆ ಹೇಗೋ ಹಾಗೆ.

ನಾನು ಶಿಡ್ಲಘಟ್ಟದವನು. ಹಗಲು ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದ ಎರಡು ಹಾಡುಗಳ ನಡುವೆ ಬಂದು ನಗಿಸಿ ಹೋಗುವ ಮಿಮಿಕ್ರಿಯವನು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಿಂದೆ ಹರಾಜು ಕೂಗುತ್ತಿದ್ದ ಮುದುಕರು, ನಮ್ಮ ಶಾಲೆಯ ಹೆಡ್‌ಮಿಸ್ಸು, ನೂರು ಡಿಗ್ರಿ ಜ್ವರಕ್ಕೆ ನೂರಾಹತ್ತರಷ್ಟು ನರಳುವ ನಮ್ಮಪ್ಪ, ಮೂರನೇ ವಿಸಿಲ್ ಹಾಕುವ ಮೊದಲು ಬಹಳ ಯೋಚನೆ ಮಾಡುವ ನಮ್ಮ ಮನೆಯ ಕುಕ್ಕರು, ಯಾರನ್ನೂ ನಾನು ಬಿಟ್ಟಿರಲಿಲ್ಲ. ನನ್ನನ್ನು ಮಾತ್ರ ಯಾರೂ ಅನುಕರಣೆ ಮಾಡುವುದಿಲ್ಲ. ಅಷ್ಟು ಕಷ್ಟಪಡುವ ಅಗತ್ಯ ಯಾರಿಗೂ ಕಂಡಿಲ್ಲ.

ನಮ್ಮಪ್ಪ ಒಂದು ಬಳಗದ ಸದಸ್ಯ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಹೀಗೆ ನಾಲ್ಕು ಊರಿನ ನಾಲ್ಕು ಜನ ಗೆಳೆಯರು ಸೇರಿ ಕಟ್ಟಿದ ಸೋದರ ಬಳಗ ಅದು. ಜಾತಿ, ಪಕ್ಷ, ಅಂತಸ್ತು ಮೂರನ್ನೂ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರಬೇಕು ಎನ್ನುವುದು ನಿಯಮ. ಕೆಲವರು ಚಪ್ಪಲಿ ಒಂದನ್ನೇ ಬಿಟ್ಟು ಬರುತ್ತಿದ್ದರು, ಅದು ಬೇರೆ ವಿಷಯ. ಒಳಗೆ ಬಂದ ಮೇಲೆ ಎಲ್ಲರೂ ಎಲ್ಲರಿಗೂ ಅಣ್ಣ. ನೂಲು ತೆಗೆಯುವವರು, ತರಕಾರಿ ಮಂಡಿಯವರು, ಕಂಡಕ್ಟರುಗಳು, ಮೇಷ್ಟ್ರುಗಳು ಸೇರಿದ ಸಭೆಯಲ್ಲಿ ಎಪ್ಪತ್ತು ವರ್ಷದವರೊಬ್ಬರು ನನಗೆ "ಅಣ್ಣಾ, ಸ್ವಲ್ಪ ಸರಕೊಳ್ಳಿ" ಅಂದ ದಿನ ನಾನು ಮನೆಗೆ ಬಂದು ಕನ್ನಡಿ ನೋಡಿಕೊಂಡಿದ್ದೆ.

ಬಳಗಕ್ಕೊಂದು ಮಾಸಪತ್ರಿಕೆ. ಅದರ ಸಂಪಾದಕರು ಚಿಂತಾಮಣಿಯವರು, ಬಳಗ ಕಟ್ಟಿದ ನಾಲ್ವರಲ್ಲಿ ಒಬ್ಬರು. ಮೂವತ್ತು ವರ್ಷ ಅವರೇ ಅದನ್ನು ನಡೆಸಿದರು. ಅವರನ್ನು ಸಂಪಾದಕರೇ ಎಂದು ಕರೆದವರನ್ನು ಮಾತ್ರ ನಾನು ನೋಡಿಲ್ಲ. ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳನ್ನು ಕೂಗಿ ನಿವೃತ್ತರಾದವರಾದ್ದರಿಂದ ಎಲ್ಲರಿಗೂ ಅವರು ಕಂಟ್ರೋಲರ್ ಸಾರ್. ಎಲ್ಲರೂ ಅಣ್ಣಂದಿರಾದ ಬಳಗದಲ್ಲಿ ಸಾರ್ ಅನ್ನಿಸಿಕೊಂಡವರು ಅವರೊಬ್ಬರೇ. ಆ ದನಿಗೆ ಅಣ್ಣ ಅನ್ನಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಮೂಗಿನಲ್ಲಿ ಹುಟ್ಟಿ, ಎದೆಗೆ ಇಳಿದು, ಕೊನೆಯ ಅಕ್ಷರವನ್ನು ಪ್ಲಾಟ್‌ಫಾರಂ ತುಂಬ ಎಳೆದುಕೊಂಡು ಹೋಗುವ ದನಿ. ಮುಖ್ಯವಾದ ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡು "ಏನಪ್ಪಾ ಅಂದ್ರೇ…" ಅನ್ನುವರು. ಮುಂದೆ ಬರುವುದು ಸಾವಿನ ಸುದ್ದಿಯೋ ಬಸ್ಸು ರದ್ದಾದ ಸುದ್ದಿಯೋ ಅದರಿಂದ ಗೊತ್ತಾಗುತ್ತಿರಲಿಲ್ಲ.

ಪತ್ರಿಕೆಯ ಪುಟ ಜೋಡಿಸುವ ಕೆಲಸ ಮೂರು ವರ್ಷ ನನ್ನದು. ಪ್ರತಿ ತಿಂಗಳೂ ಎರಡು ದಿನ ಅವರು ಶಿಡ್ಲಘಟ್ಟದ ನಮ್ಮ ಮನೆಗೆ ಬಂದು, ಕಂಪ್ಯೂಟರ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಮ್ಮ ಹಳೇ ಬಟನ್ ಫೋನಿನಿಂದ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದರು. ಆ ಸಂಚಿಕೆಯಲ್ಲಿ ಯಾರ ಸುದ್ದಿ ಬರುತ್ತದೋ ಅವರಿಗೆ ಅದನ್ನು ಅಕ್ಷರ ಬಿಡದೆ ಓದಿ ಹೇಳುವುದು. ಮಗಳ ಮದುವೆ ಇರಲಿ, ಮಗನ ಎಸ್ಸೆಸ್ಸೆಲ್ಸಿ ಅಂಕ ಇರಲಿ, ಕಣ್ಣಿನ ಆಪರೇಶನ್ ಇರಲಿ. ಸಾವಿನ ಸುದ್ದಿಯಾದರೆ ಆ ಮನೆಯ ಹಿರಿಯರಿಗೆ. ಅವರು "ಆಗ್ಲಿ" ಅಂದ ಮೇಲೆಯೇ ಕರಡಿನ ಅಂಚಿನಲ್ಲಿ ಕೆಂಪು ಪೆನ್ನಿನಿಂದ "ಕೇಳಿದ್ದಾರೆ" ಎಂದು ಬರೆಯುವರು. ಆ ಒಂದು ಪದವಿಲ್ಲದ ಸುದ್ದಿ ಅಚ್ಚಿಗೆ ಹೋಗುತ್ತಿರಲಿಲ್ಲ.

"ವಾಟ್ಸಾಪಲ್ಲಿ ಹಾಕಿದ್ರೆ ಆಯ್ತಲ್ಲ ಸಾರ್, ಒಂದು ನಿಮಿಷದ ಕೆಲಸ," ಅಂದಿದ್ದೆ ಒಮ್ಮೆ.

"ಹೊಗಳೋದನ್ನೂ ಕೇಳಿ ಹೊಗಳ್ಬೇಕು ಕಣಪ್ಪ," ಅಂದರು. ಅಷ್ಟು ಹೇಳಿ ಕಿಟಕಿಯ ಹೊರಗೆ ನೋಡತೊಡಗಿದರು. ಕಾರಣ ಹೇಳಿದವರು ನಮ್ಮಪ್ಪ.

ಬಳಗದ ಮೊದಲ ನಾಲ್ವರಲ್ಲಿ ಗೌರಿಬಿದನೂರಿನ ಟೈಲರ್ ಒಬ್ಬರು. ಕಂಟ್ರೋಲರ್ ಸಾರ್‌ಗೆ ಜೀವದ ಗೆಳೆಯ. ಅವರಿಗೆ ಅರವತ್ತು ತುಂಬಿದಾಗ ಸಾರ್ ಪ್ರೀತಿಯಿಂದ ಒಂದು ಪುಟ ಬರೆದರು. ಅದರಲ್ಲಿ, ಮೂರು ಸಲ ಎಸ್ಸೆಸ್ಸೆಲ್ಸಿ ಫೇಲಾದರೂ ಎದೆಗುಂದದೆ ಹೊಲಿಗೆ ಕಲಿತು ನಾಲ್ಕು ಜನಕ್ಕೆ ಬೇಕಾದವರು ಎಂದು ಒಂದು ಸಾಲು. ಸಾರ್ ಪ್ರಕಾರ ಅದು ಹೊಗಳಿಕೆ. ಟೈಲರ್ ಆ ವಿಷಯವನ್ನು ಯಾವುದೋ ಕಾಲದಲ್ಲಿ ಅವರೊಬ್ಬರಿಗೇ ಹೇಳಿದ್ದು. ಸೊಸೆ, ಬೀಗರು, ಮೊಮ್ಮಕ್ಕಳು ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ಟೈಲರ್ ಬಳಗಕ್ಕೆ ಬರಲಿಲ್ಲ. ಸಾರ್ ಎರಡು ಸಲ ಮನೆಗೆ ಹೋದರು, ಬಾಗಿಲು ತೆರೆಯಲಿಲ್ಲ. ಪ್ರತಿ ತಿಂಗಳೂ ಪತ್ರಿಕೆ ಕಳಿಸುವರು. ಪ್ರತಿ ತಿಂಗಳೂ ಅದು ಸುತ್ತಿದ ಕಾಗದ ಸಮೇತ ವಾಪಸ್ಸು ಬರುವುದು. ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಲ್ಲಿ ಒಂದು ಅಡ್ಡಗೆರೆ. ಹನ್ನೊಂದು ವರ್ಷ ಇವರು ಕಳಿಸುವುದನ್ನು ಬಿಡಲಿಲ್ಲ, ಅವರು ಹಿಂದಿರುಗಿಸುವುದನ್ನು ಬಿಡಲಿಲ್ಲ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ.

ಒಂದು ಬೇಸಿಗೆಯಲ್ಲಿ ಸಾರ್‌ಗೆ ಗಂಟಲಿನಲ್ಲಿ ಗಂಟು ಕಾಣಿಸಿತು. ಬೆಂಗಳೂರಿನಲ್ಲಿ ತೆಗೆದರು. ಕೆಟ್ಟ ಗಂಟು ಅಲ್ಲ ಎಂದು ರಿಪೋರ್ಟು ಬಂತು. ಆದರೆ ಒಂದು ತಿಂಗಳು ಪಿಸುಮಾತು ಕೂಡ ಆಡಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅವರ ಹೆಂಡತಿ ಅಂಗಡಿಯಿಂದ ಮಕ್ಕಳ ಸ್ಲೇಟು ತಂದುಕೊಟ್ಟರು. ಸಾರ್ ಅದರ ಮೇಲೆ ಮೊದಲು ಬರೆದದ್ದು: "ಯಾರಿಗೂ ಹೇಳಬೇಡಿ. ಹಣ್ಣು ತರುತ್ತಾರೆ. ಕೂರುತ್ತಾರೆ. ಎದ್ದು ಹೋಗಿ ಅನ್ನಲು ನನಗೆ ಬಾಯಿಲ್ಲ."

ಅದೇ ವಾರ ಗೌರಿಬಿದನೂರಿನ ಟೈಲರ್ ತೀರಿಕೊಂಡರು.

ಸಾರ್ ಹೋಗಲಿಲ್ಲ. ಆಪರೇಶನ್ ಆಗಿ ನಾಲ್ಕು ದಿನವಾಗಿತ್ತು, ಅದೊಂದು ಕಾರಣ. ಇನ್ನೊಂದನ್ನು ಸ್ಲೇಟಿನ ಮೇಲೆ ಬರೆದು ತಕ್ಷಣ ಒರೆಸಿದರು. ನಾನು ಓದಿಬಿಟ್ಟಿದ್ದೆ: "ಬದುಕಿದ್ದಾಗ ಬಾಗಿಲು ತೆಗೆಯಲಿಲ್ಲ. ಈಗ ಹೋದರೆ ಅವನು ಇಲ್ಲದ ಹೊತ್ತು ನೋಡಿ ನುಗ್ಗಿದ ಹಾಗೆ." ಟೈಲರ್ ಬಗ್ಗೆ ನಾಲ್ಕು ಸಾಲು ಬರೆಯಲು ಅವರಿಗೆ ಎರಡು ದಿನ ಹಿಡಿಯಿತು. ಆಮೇಲೆ ಫೋನನ್ನೂ ಪಟ್ಟಿಯನ್ನೂ ನನ್ನ ಕೈಗಿಟ್ಟರು. ಆ ತಿಂಗಳು ಹದಿನಾರು ಜನರಿಗೆ ಓದಿ ಹೇಳಬೇಕಿತ್ತು. ಸಂಪಾದಕರಿಗೆ ಗಂಟಲು ಕೆಟ್ಟಿದೆ, ಅವರ ಪರವಾಗಿ ನಾನು ಓದುತ್ತಿದ್ದೇನೆ ಅನ್ನಬೇಕು. ಪಟ್ಟಿಯ ಕೊನೆಗೆ ಟೈಲರ್ ಅವರ ಹೆಂಡತಿ. ಅದರ ಪಕ್ಕದಲ್ಲಿ ಹೀಗೆ ಬರೆದಿದ್ದರು: "ಬೇಡ ಅಂದರೆ ತೆಗೆದುಬಿಡು. ವಾದ ಮಾಡಬೇಡ."

ಗುರುವಾರ ಶಾಲೆಗೆ ರಜೆ ಹಾಕಿ, ನಮ್ಮ ಮನೆಯಲ್ಲಿ ಕೂತು ಶುರು ಮಾಡಿದೆ. ಮೊದಲನೆಯವರು ಚಿಕ್ಕಬಳ್ಳಾಪುರದ ತರಕಾರಿ ಮಂಡಿಯ ಅಣ್ಣ. ಅವರ ಮಗಳ ಮದುವೆ ಗೊತ್ತಾಗಿತ್ತು.

"ಯಾರಪ್ಪ ನೀನು?"

"ಪುಟ ಜೋಡಿಸ್ತೀನಲ್ಲಣ್ಣ, ಶಿಡ್ಲಘಟ್ಟದವನು. ಸಾರ್‌ಗೆ ಗಂಟಲು ಸರಿ ಇಲ್ಲ, ಅದಕ್ಕೆ ನಾನು ಓದ್ತೀನಿ."

"ಓ, ಮಿಮಿಕ್ರಿ. ಬೇಡ ಬಿಡಪ್ಪ. ನೀನು ಓದಿದ್ರೆ ನನ್ನ ಮಗಳ ಮದುವೆ ಕಾಮಿಡಿ ಆಗೋಗತ್ತೆ. ಗಂಟಲು ವಾಸಿಯಾದ್ಮೇಲೆ ಅವರೇ ಮಾಡ್ಲಿ."

ಎರಡನೆಯವರದೂ ಅದೇ ಮಾತು, ಸ್ವಲ್ಪ ಮರ್ಯಾದೆ ಸೇರಿಸಿ. ಪ್ರೆಸ್ಸಿನವರು ಶನಿವಾರಕ್ಕೆ ಪುಟ ಕೇಳಿದ್ದರು. ಮೂವತ್ತು ವರ್ಷದಲ್ಲಿ ಒಂದು ಸಂಚಿಕೆಯೂ ತಡವಾಗಿರಲಿಲ್ಲ. ನನ್ನ ಕಾಲದಲ್ಲಿ ತಡವಾಗಬಾರದು ಎಂದು ಮೂರನೆಯವರಿಗೆ ಫೋನ್ ಮಾಡಿ, ಗಂಟಲು ಸರಿಮಾಡಿಕೊಂಡು, "ಏನಪ್ಪಾ ಅಂದ್ರೇ…" ಅಂದೆ.

ಆ ಕಡೆಯವರು ಎದ್ದು ನಿಂತದ್ದು ಫೋನಿನಲ್ಲೇ ಗೊತ್ತಾಯಿತು. "ಹೇಳಿ ಸಾರ್." ಓದಿದೆ. "ಆಗ್ಲಿ ಸಾರ್." ನಂಬರು ಸಾರ್‌ದು, ದನಿ ಸಾರ್‌ದು, ಇನ್ನೇನು ಬೇಕು. ಒಂದೂವರೆ ಗಂಟೆಯಲ್ಲಿ ಹದಿಮೂರು ಜನ ಮುಗಿದರು. ಮೊದಲು ಬೇಡವೆಂದಿದ್ದ ಇಬ್ಬರಿಗೂ, "ಈಗ ಗಂಟಲು ಪರವಾಗಿಲ್ಲಪ್ಪ" ಎಂದು ಮತ್ತೆ ಫೋನ್ ಮಾಡಿದೆ. ಮಂಡಿಯ ಅಣ್ಣ ತಕ್ಷಣ ಒಪ್ಪಿದರು. ಮೇಲಿಂದ, "ನಿಮ್ಮ ಹುಡುಗ ಬೆಳಿಗ್ಗೆ ತಲೆ ತಿಂದ ಸಾರ್, ಸ್ವಲ್ಪ ಹದ್ದುಬಸ್ತಲ್ಲಿಡಿ" ಎಂದು ನನ್ನ ಮೇಲೆ ನನಗೇ ದೂರು ಕೊಟ್ಟರು. "ಇಡ್ತೀನಿ, ಇಡ್ತೀನಿ" ಅಂದೆ. ಅಷ್ಟು ಖುಷಿಯನ್ನು ಯಾವ ಮದುವೆ ಮನೆಯ ಚಪ್ಪಾಳೆಯೂ ನನಗೆ ಕೊಟ್ಟಿರಲಿಲ್ಲ.

ಆ ಖುಷಿಯಲ್ಲೇ ಗೌರಿಬಿದನೂರಿಗೂ ಫೋನ್ ಮಾಡಿದೆ. ಅಲ್ಲಿ ನನ್ನ ಸ್ವಂತ ದನಿಯಲ್ಲಿ ಮಾತಾಡಬೇಕಿತ್ತು. ಹೊಳೆಯಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಹದಿನೈದು ಸಿಕ್ಸರ್ ಹೊಡೆದವನು ಹದಿನಾರನೆಯದಕ್ಕೆ ಬ್ಯಾಟು ಕೆಳಗಿಡುತ್ತಾನೆಯೇ?

"ನಾನಮ್ಮ, ಚಿಂತಾಮಣಿಯಿಂದ," ಅಂದೆ, ಆ ದನಿಯಲ್ಲಿ.

ಆಕೆ ಮೆಲ್ಲಗೆ, "ಅಣ್ಣಾ, ನೀವಾ?" ಅಂದರು. "ಹನ್ನೊಂದು ವರ್ಷ ಆಯ್ತಲ್ಲಣ್ಣ, ಈ ದನಿ ಕೇಳಿ."

ಅಲ್ಲೇ ನಾನು ಫೋನ್ ಇಡಬೇಕಿತ್ತು. ಬದಲಿಗೆ ಆ ನಾಲ್ಕು ಸಾಲು ಓದಿದೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಓದಿ ಮುಗಿಸಿದೊಡನೆ ಮಾತಾಡತೊಡಗಿದರು.

"ನಿಮಗೊಂದು ಮಾತು ಹೇಳ್ಬೇಕಣ್ಣ. ಅವರಿದ್ದಾಗ ಹೇಳ್ಬೇಡ ಅಂತ ಆಣೆ ಹಾಕಿಸಿದ್ರು. ಪತ್ರಿಕೆ ಬಿಚ್ಚದೇ ವಾಪಸ್ ಕಳಿಸ್ತಾರೆ ಅಂತ ಅಂದ್ಕೊಂಡಿದೀರಲ್ಲ, ಹಂಗಲ್ಲ. ಹೊಲಿಗೆ ಬಿಚ್ಚೋ ಬ್ಲೇಡಲ್ಲಿ ಅಂಟು ಬಿಡಿಸಿ, ಒಳಗಿನ ಕೋಣೇಲಿ ಕೂತು ಓದೋರು. ಆಮೇಲೆ ನನ್ನ ಹತ್ರ ಮೈದಾ ಅಂಟು ಮಾಡಿಸ್ಕೊಂಡು, ಗೊತ್ತಾಗದ ಹಂಗೆ ಅಂಟಿಸಿ, ಮಾರನೇ ದಿನ ಪೋಸ್ಟಿನವನಿಗೆ ಕೊಡೋರು. ಒಂದು ತಿಂಗಳೂ ತಪ್ಪಿಸಿಲ್ಲಣ್ಣ. ಅವರಿಗೆ ನಿಮ್ಮ ಮೇಲೆ ಸಿಟ್ಟು ಎಂದೋ ಹೋಗಿತ್ತು. ಬಾಯಿಬಿಟ್ಟು ಹೇಳಕ್ಕೆ ನಾಚಿಕೆ, ಅಷ್ಟೇ."

ಇನ್ನೊಬ್ಬರಿಗೆ ಬಂದ ಕಾಗದ ಒಡೆದು ಓದಿದ ಹಾಗಾಯಿತು. ಸಾರ್ ಹನ್ನೊಂದು ವರ್ಷ ಕಾದ ಮಾತು ನನ್ನ ಕಿವಿಗೆ, ಮಿಮಿಕ್ರಿಯವನ ಕಿವಿಗೆ, ಬಂದು ಬಿದ್ದಿತ್ತು. ಆಕೆ ಅಳುತ್ತಿದ್ದರು. "ಭಾನುವಾರ ಒಂದು ಸಲ ಬಂದು ಹೋಗ್ತೀರಾ ಅಣ್ಣ? ಕಾರ್ಯದ ದಿನ ಬೇಡ, ಜನ ಇರ್ತಾರೆ. ಭಾನುವಾರ ನಾನೊಬ್ಬಳೇ ಇರ್ತೀನಿ."

ಇಲ್ಲ ಅನ್ನಲು ನನಗೆ ಯಾವ ದನಿಯಲ್ಲೂ ಬಾಯಿ ಬರಲಿಲ್ಲ. "ಬರ್ತೀನಮ್ಮ," ಅಂದೆ.

ಆಮೇಲೆ ತಪ್ಪಿಸಿಕೊಳ್ಳುವ ದಾರಿಗಳನ್ನು ಹುಡುಕಿದೆ. ಸಾರ್‌ಗೆ ಏನೂ ಹೇಳದೆ ಹೇಗಾದರೂ ಅವರನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋಗುವುದು ಒಂದು ದಾರಿ. ಆಕೆ "ಅವತ್ತು ಫೋನಲ್ಲಿ ಹೇಳ್ದಂಗೆ" ಅಂದ ಕೂಡಲೆ ಕಥೆ ಮುಗಿಯುತ್ತದೆ. ಸಾರ್‌ಗೆ ಜ್ವರ ಎಂದು ಆಕೆಗೆ ಇನ್ನೊಂದು ಫೋನ್ ಮಾಡುವುದು ಮತ್ತೊಂದು ದಾರಿ. ಅದಕ್ಕೂ ಅದೇ ದನಿ ಬೇಕು. ಶುಕ್ರವಾರ ಶಾಲೆ ಬಿಟ್ಟ ಕೂಡಲೆ ಚಿಂತಾಮಣಿಯ ಬಸ್ಸು ಹತ್ತಿದೆ.

ಬಾಗಿಲು ತೆಗೆದ ಸಾರ್ ಹೆಂಡತಿ, "ಏನ್ ನಾಯ್ನಾ, ಮುಖ ಸುಟ್ಟ ಬದನೇಕಾಯಿ ಆಗಿದೆ?" ಎಂದು ತಮ್ಮ ತೆಲುಗು ಬೆರೆತ ಮಾತಿನಲ್ಲಿ ಒಳಗೆ ಕರೆದು ಕಾಫಿ ಮಾಡಲು ಹೋದರು. ಸಾರ್ ಎದುರಿಗೆ ಕೂತು ಎಲ್ಲರಿಗೂ ಅವರ ದನಿಯಲ್ಲಿ ಫೋನ್ ಮಾಡಿದ್ದನ್ನು ಹೇಳಿದೆ.

ಅವರು ಸ್ಲೇಟಿನಲ್ಲಿ ಬರೆದರು: "ಎಷ್ಟು ಜನಕ್ಕೆ?"

"ಹದಿನಾರು ಸಾರ್."

"ಒಬ್ಬರಿಗೂ ಅನುಮಾನ ಬರಲಿಲ್ಲವೇ?"

"ಇಲ್ಲ ಸಾರ್." ದರಿದ್ರ, ಆ ಸ್ಥಿತಿಯಲ್ಲೂ ನನ್ನ ಮುಖದಲ್ಲಿ ಒಂದು ಚೂರು ಹೆಮ್ಮೆ ಕಂಡಿರಬೇಕು. ಅವರು ಬಳಪ ಒತ್ತಿ ಬರೆದರು: "ಮಾಡಿ ತೋರಿಸು."

ಮಾಡಿದೆ. "ಏನಪ್ಪಾ ಅಂದ್ರೇ, ನಿಮ್ಮ ಮಗಳ ವಿವಾಹ ನಿಶ್ಚಯವಾದ ಸುದ್ದಿಯನ್ನು…" ಅನ್ನುವಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿ ಕೂಗಿದರು. "ಏಮಂಡಿ, ಬಾಯಿ ಮುಚ್ಕೊಂಡಿರಿ ಅಂತ ಡಾಕ್ಟ್ರು ಹೇಳಿಲ್ವಾ? ಎಷ್ಟು ಸಲ ಹೇಳ್ಬೇಕು ನಿಮಗೆ?"

ನಾನು ನಗಬಾರದಿತ್ತು, ನಗಲಿಲ್ಲ. ಸಾರ್ ಅಡುಗೆಮನೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಲವತ್ತು ವರ್ಷ ಜೊತೆಗಿದ್ದವರಿಗೇ ವ್ಯತ್ಯಾಸ ತಿಳಿಯಲಿಲ್ಲ ಎಂಬುದು ಅವರನ್ನು ಹೆದರಿಸಿತು ಅನ್ನಿಸುತ್ತದೆ. ನಿಧಾನವಾಗಿ ಬರೆದರು: "ಇದು ಕಳ್ಳತನ. ಅವರು ಆಗ್ಲಿ ಅಂದದ್ದು ನನಗೆ. ನಾನು ಕೇಳಿಸಿಕೊಂಡೇ ಇಲ್ಲ."

ಗೌರಿಬಿದನೂರಿನ ವಿಷಯ ಬಾಕಿ ಇತ್ತು. ಟೈಲರ್ ಹೆಂಡತಿಗೂ ಹಾಗೇ ಮಾಡಿದೆ, ಭಾನುವಾರ ನೀವು ಬರುತ್ತೀರೆಂದು ನಿಮ್ಮ ದನಿಯಲ್ಲಿ ಮಾತು ಕೊಟ್ಟೆ ಎಂದೆ. ಅವರ ಕೈಯಲ್ಲಿದ್ದ ಬಳಪ ಎರಡು ತುಂಡಾಯಿತು. "ಆಕೆ ಪತ್ರಿಕೆ ಬಗ್ಗೆ ಒಂದು ವಿಷಯ ಹೇಳಿದ್ರು ಸಾರ್, ಅದೇನಪ್ಪಾ ಅಂದ್ರೆ…"

ಅವರು ಅಂಗೈ ಎತ್ತಿದರು. ಹೊರಟ ಬಸ್ಸನ್ನು ನಿಲ್ಲಿಸುತ್ತಿದ್ದದ್ದು ಅದೇ ಅಂಗೈ. ಉಳಿದ ತುಂಡಿನಲ್ಲಿ ಬರೆದರು: "ನೀನು ಹೇಳಬೇಡ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಆಕೆ ಹೇಳಬೇಕು." ಅದನ್ನು ಒರೆಸಿ, ಇನ್ನೊಂದು ಸಾಲು: "ಭಾನುವಾರ ಮೊದಲ ಬಸ್ಸು." ಮತ್ತೆ ಒರೆಸಿ: "ಅಚ್ಚು ತಡವಾಗಲಿ. ಪ್ರೆಸ್ಸಿಗೆ ನೀನೇ ಹೇಳು. ನಿನ್ನ ದನಿಯಲ್ಲಿ."

ಭಾನುವಾರ ಅವರು ಚಿಂತಾಮಣಿಯಲ್ಲಿ ಹತ್ತಿ ಬಂದ ಬಸ್ಸಿಗೆ ನಾನು ಶಿಡ್ಲಘಟ್ಟದಲ್ಲಿ ಹತ್ತಿದೆ. ನನಗೆಂದು ಪಕ್ಕದಲ್ಲಿ ಚೀಲ ಇಟ್ಟು ಸೀಟು ಹಿಡಿದಿದ್ದರು. ಅದು ಕ್ಷಮೆಯೋ ಪೊಲೀಸ್ ಕಾವಲೋ ತಿಳಿಯಲಿಲ್ಲ. ಕಂಡಕ್ಟರು ಬಂದು, "ಏನ್ ಸಾರ್, ಆರಾಮಾ?" ಅಂದರೆ ಸ್ಲೇಟು ಎತ್ತಿ ತೋರಿಸಿದರು: "ಏಳು ನಿಮಿಷ ಲೇಟು." ಕಂಡಕ್ಟರು ನನ್ನ ಕಡೆ ತಿರುಗಿ, "ರಿಟೈರಾದ್ರೂ ಬಿಡಲ್ಲ ನೋಡಣ್ಣ" ಅಂದ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದೆವು. ಸ್ಕಂದಗಿರಿ ಬೆಟ್ಟ ಹತ್ತಿ ಇಳಿದ ಬೆಂಗಳೂರಿನ ಹುಡುಗ ಹುಡುಗಿಯರು ಹೋಟೆಲಿನ ಎಲ್ಲ ಮೇಜು ಹಿಡಿದು ಕಾಲು ಒತ್ತಿಕೊಳ್ಳುತ್ತ ಕೂತಿದ್ದರು. ನಿಂತುಕೊಂಡೇ ಇಡ್ಲಿ ತಿಂದೆವು. ಸಾರ್ ಒಂದೂ ಮುಗಿಸಲಿಲ್ಲ. ಮಂಚೇನಹಳ್ಳಿ ದಾಟುವವರೆಗೂ ಸ್ಲೇಟು ಚೀಲದಲ್ಲೇ ಇತ್ತು. ಆಮೇಲೆ ತೆಗೆದು, "ಆಕೆ ಅಳುತ್ತಿದ್ದರೇ?" ಎಂದು ಬರೆದರು. ನಾನು ಬಾಯಿ ತೆಗೆಯುವ ಮೊದಲೇ ಒರೆಸಿ ಹಾಕಿದರು. ಒಳ್ಳೆಯ ಸುದ್ದಿ ಸಾರ್, ನೆಮ್ಮದಿಯಾಗಿರಿ ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಅಷ್ಟು ಹೊತ್ತು ಸುಮ್ಮನೆ ಕೂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮನೆಯ ಮುಂದಿನ ಕೋಣೆಯೇ ಟೈಲರ್ ಅಂಗಡಿ. ಮಿಷನ್ನಿಗೆ ಬಿಳಿ ಪಂಚೆ ಹೊದಿಸಿದ್ದರು. ಆಕೆ ಹೊರಗೆ ಬಂದು, "ಬನ್ನಿ ಅಣ್ಣ" ಎಂದು ಕೈಮುಗಿದರು. ಸಾರ್ ಕೈಮುಗಿದರು. ಮಾತಿಲ್ಲ. ಆಕೆ ಕಾದರು. ಸಾರ್ ನನ್ನನ್ನು ನೋಡಿದರು.

ನಾನು ನಿಂತೇ ಹೇಳಿದೆ. "ಅಮ್ಮ, ಸಾರ್‌ಗೆ ಗಂಟಲು ಆಪರೇಶನ್ ಆಗಿದೆ. ಮಾತಾಡಂಗಿಲ್ಲ. ಗುರುವಾರ ನಿಮ್ಮ ಹತ್ರ ಮಾತಾಡಿದ್ದು ಅವರಲ್ಲ. ನಾನು. ಅವರ ಥರ ದನಿ ಮಾಡಿ ಮಾತಾಡಿದೆ. ಅವರಿಗೆ ಗೊತ್ತಿರಲಿಲ್ಲ. ತಪ್ಪಾಯ್ತು."

ಕುರಿಮರಿ ದನಿ ನಡುವೆ ಎರಡು ಕಡೆ ಒಡೆಯಿತು. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾನು ಅತ್ತಿದ್ದು ನಿನ್ನ ಮುಂದೇನಾ?"

"ಹೂಂನಮ್ಮ."

"ನಾಚಿಕೆ ಆಗಲ್ವೇನಪ್ಪ ನಿನಗೆ?"

"ಆಗ್ತಿದೆ."

"ಆಗ್ಲಿ," ಎಂದು ಒಳಗೆ ಹೋದರು. ಸಾರ್ ಗೋಡೆಯ ಕಡೆ ನೋಡುತ್ತ ಕೂತಿದ್ದರು. ಆಕೆ ಬರದೇ ಹೋದರೆ ಏನು ಮಾಡುವುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಆಕೆ ಬಂದರು. ಕೈಯಲ್ಲಿ ನಮ್ಮ ಪತ್ರಿಕೆಯ ಹಿಂದಿನ ತಿಂಗಳ ಸಂಚಿಕೆ. ಅದಕ್ಕೆ ಸುತ್ತಿದ ಕಾಗದ ಅಂಟಿನ ಗೆರೆಯುದ್ದಕ್ಕೂ ಬಿಚ್ಚಿಕೊಂಡಿತ್ತು. ಒಂದು ಕಡೆಯೂ ಹರಿದಿರಲಿಲ್ಲ.

"ಇದೊಂದು ವಾಪಸ್ ಬರ್ಲಿಲ್ಲ ಅಲ್ವಾ ಅಣ್ಣ ನಿಮಗೆ?" ಅಂದರು, ಸಾರ್ ಪಕ್ಕದಲ್ಲೇ ನೆಲದ ಮೇಲೆ ಕೂತು. "ಬಿಚ್ಚಿ ಓದಿದ್ರು. ಅಂಟಿಸೋ ಹೊತ್ತಿಗೆ ಆಸ್ಪತ್ರೆಗೆ ಸೇರ್ಸಿದ್ವಿ."

ಆಮೇಲೆ ಬ್ಲೇಡು, ಒಳಗಿನ ಕೋಣೆ, ಮೈದಾ ಅಂಟು, ಪೋಸ್ಟಿನವನು, ನಾನು ಕದ್ದು ಕೇಳಿದ್ದ ಎಲ್ಲವನ್ನೂ ಮೊದಲಿಂದ ಹೇಳಿದರು. ಫೋನಿನಲ್ಲಿ ಹೇಳದ ಎಷ್ಟೋ ವಿಷಯ ಸೇರಿದವು. ಸತ್ತವರ ಪುಟ ಓದುವಾಗ ಟೈಲರ್ ಕನ್ನಡಕ ತೆಗೆದಿಡುತ್ತಿದ್ದರಂತೆ. ಮಕ್ಕಳ ಮಾರ್ಕ್ಸ್ ಪುಟ ಎರಡು ಸಲ ಓದುತ್ತಿದ್ದರಂತೆ. ಸಾರ್ ಆ ಕಾಗದದ ಅಂಚಿನ ಮೇಲೆ ಬೆರಳಾಡಿಸುತ್ತ ಕೇಳಿಸಿಕೊಂಡರು. ಅವರ ಕಣ್ಣಿನಿಂದ ನೀರು ಇಳಿದು ಮೀಸೆಯಲ್ಲಿ ನಿಂತಿತು, ಒರೆಸಿಕೊಳ್ಳಲಿಲ್ಲ. ಕೊನೆಗೆ ಸ್ಲೇಟು ತೆಗೆದು ಬರೆದರು: "ಎಲ್ಲಾನೂ ಓದ್ತಿದ್ದನಾ?"

ಆಕೆಗೆ ಕನ್ನಡಕ ಬೇಕಾಯಿತು, ನಾನು ಓದಿ ಹೇಳಿದೆ. ಆಕೆ ಸ್ವಲ್ಪ ಯೋಚಿಸಿ, "ನಿಮ್ಮ ಸಂಪಾದಕೀಯ ಒಂದು ಬಿಟ್ಟು ಅಣ್ಣ," ಅಂದರು. "ಅದು ಬಸ್ಸಿಗೆ ಕಾದಂಗೆ, ಬರತ್ತೆ ಬರತ್ತೆ ಅಂತ ಕೂತಿರ್ಬೇಕು, ವಿಷಯ ಬರಲ್ಲ ಅಂತಿದ್ರು."

ಸಾರ್ ಹೆಗಲು ಕುಲುಕತೊಡಗಿತು. ಗಾಬರಿಯಾಗಿ ಎದ್ದೆ. ನಗುತ್ತಿದ್ದರು. ಸದ್ದಿಲ್ಲದೆ, ಗಂಟಲು ಹಿಡಿದುಕೊಂಡು, ಕಣ್ಣೀರಿನ ಮೇಲೆ ಇನ್ನಷ್ಟು ಕಣ್ಣೀರು ಸುರಿಸುತ್ತ. ಆಕೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನ್ನ ಎದೆಯ ಮೇಲೆ ಗುರುವಾರದಿಂದ ಕೂತಿದ್ದ ಕಲ್ಲು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು.

"ಈಗ ಓದಪ್ಪ, ಅದೇನೋ ಬರೆದಿದ್ರಲ್ಲ," ಎಂದು ಆಕೆ ನನಗೆ ಹೇಳಿದರು. "ನಿನ್ನ ದನೀಲೇ ಓದು. ಅವತ್ತು ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."

ಓದಿದೆ. ಸೌಮ್ಯ ಸ್ವಭಾವದವರು ಅನ್ನುವಲ್ಲಿ ಕೈ ತೋರಿಸಿ ನಿಲ್ಲಿಸಿದರು. "ಅದು ತೆಗೀರಿ. ಗುಂಡಿ ಒಂದು ಕೂದಲೆಳೆ ಆಚೀಚೆ ಆದ್ರೆ ಮನೆ ಹಾರಿಹೋಗೋ ಹಂಗೆ ಕೂಗೋರು. ಕೆಲಸದಲ್ಲಿ ಶಿ‌ಸ್ತು ಅಂತ ಹಾಕಿ." ಸಾರ್ ತಾವೇ ಪೆನ್ನು ತೆಗೆದು ತಿದ್ದಿದರು. ಮೂರು ಸಲ ಫೇಲಾದ ವಿಷಯ ಅದರಲ್ಲಿ ಇರಲಿಲ್ಲ. ಇದ್ದರೂ ಈಗ ಪರವಾಗಿಲ್ಲ ಎಂದು ಆಕೆಯೇ ಅಂದರು. ಸಾರ್ ಬೇಡವೆಂದು ತಲೆಯಾಡಿಸಿದರು.

ನನಗೆ ಊಟ ಬಡಿಸುವಾಗ ಆಕೆ ಮಾತಾಡಲಿಲ್ಲ. ಆದರೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದರು.

ವಾಪಸ್ಸು ಬರುವಾಗ ಸಾರ್ ಬಸ್ಸಿನಲ್ಲಿ ಬರೆದ ಆಜ್ಞೆ: "ಉಳಿದ ಹದಿನೈದು ಜನಕ್ಕೂ ನಾಳೆ ಫೋನ್ ಮಾಡಿ ನಿಜ ಹೇಳು. ಮತ್ತೆ ಓದು." ಮಾಡಿದೆ. ನಾಲ್ಕು ಜನ ಬೈದರು, ಇಬ್ಬರು ನಂಬಲಿಲ್ಲ, ಉಳಿದವರು ಇನ್ನೊಂದು ಸಲ ಆ ದನಿ ಮಾಡಿ ತೋರಿಸು ಅಂದರು, ಮಾಡಲಿಲ್ಲ. ಮಂಡಿಯ ಅಣ್ಣ ಮಾತ್ರ ತುಂಬ ನೊಂದುಕೊಂಡರು. "ಹಂಗಾದ್ರೆ ಅವತ್ತು ನಿನಗೆ ಅಷ್ಟೊಂದು ಸಲ ಸಾರ್ ಅಂದಿದ್ದು ನಾನೇನಾ? ಥೂ." ಆದರೂ ಈ ಸಲ ಪೂರ್ತಿ ಕೇಳಿಸಿಕೊಂಡು ಆಗ್ಲಿ ಅಂದರು. ಪತ್ರಿಕೆ ಆರು ದಿನ ತಡವಾಗಿ ಬಂತು.

ಒಂದು ತಿಂಗಳಾದ ಮೇಲೆ ಡಾಕ್ಟರು ಮಾತಾಡಬಹುದು ಅಂದರು. ಸಾರ್ ಬಾಯಿ ತೆಗೆದರೆ ಬೇರೆಯೇ ದನಿ. ತೆಳ್ಳಗೆ, ಜಾತ್ರೆಯಲ್ಲಿ ಕೊಂಡು ಮನೆಗೆ ಬರುವಷ್ಟರಲ್ಲಿ ಸೀಳಿದ ಪೀಪಿಯ ಹಾಗೆ. ಇನ್ನು ಇಷ್ಟೇ ಅಂತ ಡಾಕ್ಟರು ಹೇಳಿದ್ದರಂತೆ. ಮೂವತ್ತು ವರ್ಷ ಬಸ್ ನಿಲ್ದಾಣ ತುಂಬಿದ ದನಿ ಈಗ ನನ್ನ ಹತ್ತಿರ ಮಾತ್ರ ಉಳಿದಿತ್ತು. ಅದು ಹೊಳೆದಾಗ ನನಗೆ ಭಯವಾಯಿತು. ಅವರಿಗೆ ಅಂಥ ಯೋಚನೆ ಏನೂ ಇದ್ದ ಹಾಗಿರಲಿಲ್ಲ. ಎಂದಿನಂತೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಂಡಿಯ ಅಣ್ಣನಿಗೆ ಫೋನ್ ಹಚ್ಚಿದರು. ಮಗಳ ಮದುವೆ ಆಗಿತ್ತು, ಅದರ ವರದಿ.

"ನಾನಪ್ಪ, ಕಂಟ್ರೋಲರ್ರು," ಅಂತು ಪೀಪಿ.

"ಏಯ್, ಮತ್ತೆ ಶುರು ಮಾಡಿದ್ಯೇನೋ?" ಫೋನ್ ಸ್ಪೀಕರಿನಲ್ಲಿತ್ತು. "ಈ ಸಲ ಚೆನ್ನಾಗಿಲ್ಲ ಕಣೋ. ಅವರ ದನಿ ಹಿಂಗಿಲ್ಲ. ಇನ್ನೂ ಪ್ರಾಕ್ಟೀಸ್ ಮಾಡು." ಕಟ್.

ಸಾರ್ ಫೋನನ್ನು ನೋಡಿದರು. ನನ್ನನ್ನು ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮತ್ತೆ ಹಚ್ಚಿ ನಾನೇ ಮಾತಾಡಿದೆ. "ಅಣ್ಣ, ಇದು ನಾನು. ಆಗ ಮಾತಾಡಿದ್ದು ನಿಜವಾಗ್ಲೂ ಸಾರ್."

"ನಿನ್ನ ಸಾಕ್ಷಿ ಯಾವ ಕೋರ್ಟಲ್ಲಿ ನಡೆಯತ್ತಪ್ಪ?"

ಸಾರ್ ಫೋನ್ ಕಿತ್ತುಕೊಂಡರು. "ಒರೇಯ್, ನೇನೇ ರಾ, ನಾನೇ ಕಣೋ. ನಿನ್ನ ಅಳಿಯನ ಡಿಗ್ರಿ ಎರಡು ಕಡೆ ಹಾಕಿ ಅಂತ ಚೀಟಿ ಕಳಿಸಿದ್ಯಲ್ಲ, ಒಂದು ಕಡೆ ಹೊಡೆದು ಹಾಕಿದೀನಿ. ಬೀಗರ ತೋಟದ ಎಕರೆನೂ ತೆಗೆದಿದೀನಿ. ಊಟದ ಐಟಂ ಪಟ್ಟಿ ಪೂರ್ತಿ ಹೋಯ್ತು. ಆಗಬಹುದಾ?"

ಮಂಡಿಯ ಗದ್ದಲದ ನಡುವೆ ಆ ಕಡೆಯವರು ಯಾರಿಗೋ ಸುಮ್ಮನಿರಿ ಅಂದದ್ದು ಕೇಳಿಸಿತು.

"ಸಾರ್," ಅಂದರು ಮಂಡಿಯ ಅಣ್ಣ. "ನೀವೇ."

ಸಾರ್ ಆ ತೆಳುವಾದ ದನಿಯಲ್ಲಿ ಕೆಮ್ಮಿ ಕೆಮ್ಮಿ ನಕ್ಕರು. ಆಮೇಲೆ ಪಟ್ಟಿಯ ಮುಂದಿನ ನಂಬರು ಒತ್ತಿ, ಅಲ್ಲಿಯೂ ಬೈಸಿಕೊಂಡು, ಫೋನನ್ನು ನನ್ನ ಕಡೆ ಚಾಚಿದರು. "ಹೇಳಪ್ಪ, ನಾನೇ ಅಂತ ಹೇಳು." ಆ ದಿನ ಎಲ್ಲರಿಗೂ ಮೊದಲು ನಾನು ಅದನ್ನೇ ಹೇಳುತ್ತ ಹೋದೆ. ಏಳನೆಯವರ ಹೊತ್ತಿಗೆ ನನಗೆ ವಿಪರೀತ ಹಸಿವಾಗಿ, ಅಮ್ಮನನ್ನು ಕೂಗಿ ಇಬ್ಬರಿಗೂ ಚಿತ್ರಾನ್ನ ತರಿಸಿದೆ.